ಒಂದು ಯಾತ್ರೆಗೆ ಎಷ್ಟು ಬೆಟ್ಟ?

ಬೆಟ್ಟ ಹತ್ತಿ ದರ್ಶನ ಮಾಡುವುದು ಪುಣ್ಯದ ಕೆಲಸವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಊರೊಳಗಿನ ಗುಡಿಗೆ ಹೋಗುವುದಕ್ಕೂ ಬೆಟ್ಟದ ಮೇಲಿನ ಗುಡಿಗೆ ಹೋಗುವುದಕ್ಕೂ ಒಂದು ವ್ಯತ್ಯಾಸವಿದೆ. ಬೆಟ್ಟದ ಗುಡಿಗೆ ಕಾಯಿ, ಕರ್ಪೂರದ ಜೊತೆಗೆ ದೇಹದ ಶ್ರಮವನ್ನೂ ಕಾಣಿಕೆಯಾಗಿ ಕೊಡಬೇಕು. ಉಸಿರು, ಬೆವರು, ಮೊಣಕಾಲಿನ ನೋವು ಎಲ್ಲವೂ ಆ ಕಾಣಿಕೆಯಲ್ಲಿ ಸೇರಿರುತ್ತವೆ. ಅದಕ್ಕೇ ಹತ್ತಿ ಬಂದವರ ಮುಖದಲ್ಲಿ ಒಂದು ಬೇರೆಯದೇ ಸಮಾಧಾನ ಕಾಣುತ್ತದೆ.

ಆದರೆ ಈಗಿನ ಯಾತ್ರೆಗಳಲ್ಲಿ ಹೊಸದೊಂದು ಪ್ರಶ್ನೆ ಹುಟ್ಟಿದೆ. ಬಾಡಿಗೆ ಗಾಡಿ ಮಾಡಿಕೊಂಡು, ಎರಡು ಮೂರು ದಿನದಲ್ಲಿ ನೂರಾರು ಕಿಲೋಮೀಟರು ಸುತ್ತಿ, ದಾರಿಯಲ್ಲಿ ಸಿಗುವ ಬೆಟ್ಟಗಳನ್ನೆಲ್ಲ ಹತ್ತಿಳಿದು ಬರುವುದು ರೂಢಿಯಾಗಿದೆ. ಎಲ್ಲಿ ನಿಲ್ಲಬೇಕು, ಯಾವ ಬೆಟ್ಟ ಹತ್ತಬೇಕು, ಎಲ್ಲಿ ಮಲಗಬೇಕು ಎಂದು ಕಾಗದದ ಮೇಲೆ ಬರೆಯುವವರು ಒಬ್ಬರು. ಹತ್ತುವವರು ಹತ್ತು ಮಂದಿ. ಗಾಡಿ ಓಡಿಸುವವನು ಮತ್ತೊಬ್ಬ. ಹಾಗಾದರೆ ಒಬ್ಬರ ಭಕ್ತಿಗಾಗಿ ಇನ್ನೊಬ್ಬರ ಶಕ್ತಿಯನ್ನು ಎಷ್ಟರಮಟ್ಟಿಗೆ ಖರ್ಚು ಮಾಡಬಹುದು? ಇದು ಬರೀ ಅನುಕೂಲದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಬಯಲು ನಾಡಿನವರ ಬೆಟ್ಟದ ಆಸೆ

ಕಲಬುರಗಿ ಬಯಲು ನಾಡು. ಎಲ್ಲಿ ನೋಡಿದರೂ ಕಪ್ಪು ಎರೆ ಭೂಮಿ, ತೊಗರಿ ಹೊಲ, ಜೋಳದ ಹೊಲ. ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ಈ ಊರಿನಿಂದ ಬೀದರ್ ರಸ್ತೆ ಹಿಡಿದು ಕಮಲಾಪುರ ದಾಟಿದ ಮೇಲೆ ನೆಲ ಸ್ವಲ್ಪ ಸ್ವಲ್ಪವೇ ಏರತೊಡಗುತ್ತದೆ. ಅದು ಬಿಟ್ಟರೆ ಇಲ್ಲಿಯ ಜನರಿಗೆ ಬೆಟ್ಟವೆಂದರೆ ದೂರದ ಮಾತು. ದೂರದ್ದಾದ್ದರಿಂದಲೇ ಅದರ ಆಸೆ ಹೆಚ್ಚು. ವರ್ಷಗಟ್ಟಲೆ ಸಮನೆಲದಲ್ಲಿ ನಡೆದ ಕಾಲಿಗೆ ಮೆಟ್ಟಿಲಿನ ರೂಢಿ ಇರುವುದಿಲ್ಲ. ಹೊಲದಲ್ಲಿ ದಿನವಿಡೀ ದುಡಿಯುವ ಹೆಣ್ಣುಮಗಳು ಹೇಗೋ ಹತ್ತಿಬಿಡುತ್ತಾಳೆ. ಕಚೇರಿಯಲ್ಲಿ, ಅಂಗಡಿಯಲ್ಲಿ ಕೂತು ಕೆಲಸ ಮಾಡುವವರು ನೂರು ಮೆಟ್ಟಿಲಿಗೇ "ಎಪ್ಪಾ, ಸಾಕಾಯ್ತು ನೋಡ್ರಿ" ಅನ್ನುತ್ತಾರೆ.

ಹಾಗಂತ ಈ ಭಾಗದವರಿಗೆ ಯಾತ್ರೆಯ ಶ್ರಮ ಹೊಸದಲ್ಲ. ಸೀಗಿ ಹುಣ್ಣಿಮೆ ಹೊತ್ತಿಗೆ ಕಲಬುರಗಿಯಿಂದ ಆಳಂದ ಮಾರ್ಗವಾಗಿ ತುಳಜಾಪುರದ ಅಂಬಾಭವಾನಿಗೆ ನಡೆದುಕೊಂಡು ಹೋಗುವವರ ಸಾಲು ಸಾಲು ಕಾಣುತ್ತದೆ. ಕಾಲಿನಲ್ಲಿ ನಡೆಯುವ ಯಾತ್ರೆಗೆ ಒಂದು ಒಳ್ಳೆಯ ಗುಣವಿದೆ. ದಣಿವಾದರೆ ಕಾಲೇ ಹೇಳುತ್ತದೆ. ಗುಳ್ಳೆ ಎದ್ದರೆ ಕೂಡಲೇಬೇಕು. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಊಟಕ್ಕೆ ಕರೆಯುತ್ತಾರೆ, ಯಾರೋ ನೀರು ಕೊಡುತ್ತಾರೆ. ಎಷ್ಟು ದೂರ, ಎಲ್ಲಿ ವಸತಿ ಎಂಬ ಲೆಕ್ಕವನ್ನು ದೇಹವೇ ಮಾಡುತ್ತದೆ.

ಗಾಡಿಯ ಯಾತ್ರೆಯಲ್ಲಿ ಈ ಲೆಕ್ಕ ತಪ್ಪುತ್ತದೆ. ಸೀಟಿನಲ್ಲಿ ಕೂತವರಿಗೆ ಮುನ್ನೂರು ಕಿಲೋಮೀಟರಿನ ದಣಿವು ಗೊತ್ತಾಗುವುದಿಲ್ಲ. ಆ ದಣಿವು ಎಲ್ಲಿಯೂ ಹೋಗಿರುವುದಿಲ್ಲ. ಸ್ಟೇರಿಂಗ್ ಹಿಡಿದವನ ಕಣ್ಣಿನಲ್ಲಿ ಕೂತಿರುತ್ತದೆ.

ಕಾಗದದ ಮೇಲಿನ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಕಲಬುರಗಿಯ ಒಂದು ಕುಟುಂಬ, ಕಮಲಾಪುರದ ಅವರ ಬೀಗರು, ಎಲ್ಲ ಸೇರಿ ಹನ್ನೊಂದು ಜನ ಒಂದು ಗಾಡಿ ಮಾಡಿಕೊಂಡು ದಕ್ಷಿಣದ ಕಡೆ ಹೊರಡುತ್ತಾರೆ ಎಂದಿಟ್ಟುಕೊಳ್ಳೋಣ. ಎಪ್ಪತ್ತು ದಾಟಿದ ಆಯಿ, ಸಕ್ಕರೆ ಕಾಯಿಲೆ ಇರುವ ಕಾಕಾ, ಕಾಲೇಜು ಹುಡುಗರು, ಎಂಟು ವರ್ಷದ ಮಗು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆ ಎಲ್ಲ ಗಾಡಿಯಲ್ಲಿ ಸೇರಿವೆ. ಡ್ರೈವರ್ ಒಬ್ಬನೇ.

ಅವರ ಪಟ್ಟಿಯಲ್ಲಿ ಮೂರು ಬೆಟ್ಟಗಳು. ಮೊದಲನೆಯದು ಗಂಗಾವತಿ ತಾಲೂಕಿನ ಆನೆಗೊಂದಿ ಹತ್ತಿರದ ಅಂಜನಾದ್ರಿ, 575 ಮೆಟ್ಟಿಲು. ಎರಡನೆಯದು ಶ್ರವಣಬೆಳಗೊಳದ ವಿಂಧ್ಯಗಿರಿ, ಬಂಡೆಯಲ್ಲೇ ಕಡಿದ ಸುಮಾರು 650 ಮೆಟ್ಟಿಲು. ಮೂರನೆಯದು ಮೈಸೂರಿನ ಚಾಮುಂಡಿ ಬೆಟ್ಟ, ಸಾವಿರದ ಮೇಲೆ ಮೆಟ್ಟಿಲು. ಒಟ್ಟು ಹತ್ತಿರ ಹತ್ತಿರ 2,200 ಮೆಟ್ಟಿಲು ಹತ್ತಬೇಕು, ಅಷ್ಟನ್ನೇ ಇಳಿಯಬೇಕು.

ದಾರಿ ಸುಲಭವಾಗಿಯೇ ಇದೆ. ಕಮಲಾಪುರ, ಕಲಬುರಗಿ, ಜೇವರ್ಗಿ ದಾಟಿದರೆ ಶಹಾಪುರ, ಸುರಪುರ, ಲಿಂಗಸುಗೂರು, ಸಿಂಧನೂರಿನ ಮೇಲೆ ಹೋಗುವ ಹೆದ್ದಾರಿ ಸಿಗುತ್ತದೆ. ಜೇವರ್ಗಿಯಿಂದ ಹೊರಟ ಆ 150-ಎ ಹೆದ್ದಾರಿ ಬಳ್ಳಾರಿ, ಹಿರಿಯೂರು, ಮೈಸೂರು ಮುಟ್ಟಿ ಚಾಮರಾಜನಗರದ ತನಕ ಹೋಗುತ್ತದೆ. ಬೆಟ್ಟಗಳಿಗಾಗಿ ಅಲ್ಲಲ್ಲಿ ಪಕ್ಕದ ರಸ್ತೆಗೆ ತಿರುಗಿದರಾಯಿತು. ಕಲಬುರಗಿಯಿಂದ ಮೈಸೂರಿಗೆ ಸುಮಾರು 700 ಕಿ.ಮೀ. ಹೋಗಿ ಬರಲು 1,400 ಕಿ.ಮೀ.

ಸಾಮಾನ್ಯವಾಗಿ ಮಾಡುವ ಪಟ್ಟಿ ಹೀಗಿರುತ್ತದೆ. ಶುಕ್ರವಾರ ರಾತ್ರಿ 10ಕ್ಕೆ ಊಟ ಮುಗಿಸಿ ಹೊರಡುವುದು. ಬೆಳಗಿನ ಜಾವ ಅಂಜನಾದ್ರಿ. ಶನಿವಾರ ಹಗಲು ಪ್ರಯಾಣ, ರಾತ್ರಿ ಶ್ರವಣಬೆಳಗೊಳದಲ್ಲಿ ವಸತಿ. ಭಾನುವಾರ ಬೆಳಿಗ್ಗೆ ವಿಂಧ್ಯಗಿರಿ, ಮಧ್ಯಾಹ್ನ ಚಾಮುಂಡಿ ಬೆಟ್ಟ. ಸಂಜೆ 6ಕ್ಕೆ ಮೈಸೂರು ಬಿಟ್ಟು ಸೋಮವಾರ ಬೆಳಿಗ್ಗೆ 8ಕ್ಕೆ ಮನೆ, 10ಕ್ಕೆ ಡ್ಯೂಟಿ. "ಒಂದೇ ಒಂದು ರಜಾ ಖರ್ಚಿಲ್ಲ ನೋಡ್ರಿ" ಎಂದು ಪಟ್ಟಿ ಬರೆದವರು ಹೆಮ್ಮೆಪಡುತ್ತಾರೆ.

ಈಗ ಅದೇ ಪಟ್ಟಿಯನ್ನು ಡ್ರೈವರನ ಕಡೆಯಿಂದ ಓದಬೇಕು. ಗಂಟೆಗೆ ಸರಾಸರಿ 50 ಕಿ.ಮೀ. ಹಿಡಿದರೆ 1,400 ಕಿ.ಮೀ.ಗೆ 28 ಗಂಟೆ. ಶುಕ್ರವಾರ ರಾತ್ರಿ 5 ಗಂಟೆ, ಶನಿವಾರ ಹಗಲು 7 ಗಂಟೆ, ಭಾನುವಾರ 2 ಗಂಟೆ, ಕೊನೆಗೆ ಭಾನುವಾರ ಸಂಜೆಯಿಂದ ಸೋಮವಾರ ಬೆಳಗಿನ ತನಕ ಒಂದೇ ಸಮನೆ 14 ಗಂಟೆ. ಊಟಕ್ಕೆ, ಚಹಾಕ್ಕೆ, ಡೀಸೆಲ್‌ಗೆ ನಿಂತ ಹೊತ್ತು ಇದರಲ್ಲಿ ಸೇರಿಲ್ಲ. ಶುಕ್ರವಾರ ಹಗಲು ಅವನು ಬೇರೆ ಬಾಡಿಗೆಗೆ ಹೋಗಿದ್ದನೋ ಏನೋ, ಯಾರೂ ಕೇಳಿರುವುದಿಲ್ಲ. ಉಳಿದವರು ಬೆಟ್ಟ ಹತ್ತುವಾಗ ಗಾಡಿಯಲ್ಲೇ ಬಿಸಿಲಿನಲ್ಲಿ ಎರಡು ತಾಸು ಕಣ್ಣು ಮುಚ್ಚುವುದೇ ಅವನ ಹಗಲಿನ ವಿಶ್ರಾಂತಿ.

ಬೆಟ್ಟ ಹತ್ತಿದವರು ಹನ್ನೊಂದು ಜನ. ಯಾತ್ರೆಯಲ್ಲಿ ಎಲ್ಲರಿಗಿಂತ ಕಷ್ಟದ ಬೆಟ್ಟ ಹತ್ತಿದವನು ಮಾತ್ರ ಒಂದು ಮೆಟ್ಟಿಲನ್ನೂ ಏರದ ಆ ಹನ್ನೆರಡನೆಯವನು.

ನಿದ್ದೆಗೆ ಭಕ್ತಿಯ ವಿನಾಯಿತಿ ಇಲ್ಲ

"ದೇವರ ಕೆಲಸಕ್ಕೆ ಹೊಂಟೀವಿ, ದೇವರೇ ನೋಡ್ಕೋತಾನ" ಎಂಬ ಮಾತು ಹಲವರ ಬಾಯಲ್ಲಿ ಬರುತ್ತದೆ. ಇದು ನಂಬಿಕೆಯ ಮಾತು ಹೌದು. ಆದರೆ ಇದರೊಳಗೆ ಸ್ವಲ್ಪ ಸೋಮಾರಿತನವೂ ಇದೆ. ತಾನು ಮಾಡಬೇಕಾದ ಲೆಕ್ಕವನ್ನು ದೇವರ ತಲೆಗೆ ಕಟ್ಟಿ ಕೂರುವುದು ಶರಣಾಗತಿಯಲ್ಲ.

2022ರ ಜೂನ್ 3ರಂದು ಗೋವಾದಿಂದ ಹೈದರಾಬಾದಿಗೆ ಮರಳುತ್ತಿದ್ದ ಖಾಸಗಿ ಬಸ್ಸೊಂದು ಬೆಳಗಿನ ಹೊತ್ತು ಕಮಲಾಪುರದ ಹತ್ತಿರ ಸರಕು ವಾಹನಕ್ಕೆ ಡಿಕ್ಕಿಯಾಗಿ ಬೆಂಕಿ ಹೊತ್ತಿಕೊಂಡಿತು. ಪ್ರವಾಸ ಮುಗಿಸಿ ಮನೆಗೆ ಹೊರಟಿದ್ದ ಕನಿಷ್ಠ ಏಳು ಜನ ಬಸ್ಸಿನೊಳಗೇ ಜೀವ ಬಿಟ್ಟರು. 2025ರ ಏಪ್ರಿಲ್ 5ರಂದು ಬೆಳಗಿನ ಜಾವ ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸ್ ಹತ್ತಿರ ನಿಂತ ಲಾರಿಗೆ ವ್ಯಾನೊಂದು ಗುದ್ದಿತು. ಬಾಗಲಕೋಟೆ ಕಡೆಯಿಂದ ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಬರುತ್ತಿದ್ದ ಯಾತ್ರಿಕರಲ್ಲಿ ಐದು ಜನ ತೀರಿಕೊಂಡರು. ಈ ಎರಡು ಅಪಘಾತಗಳಲ್ಲಿ ತಪ್ಪು ಯಾರದೆಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಯಾರ ಮೇಲೂ ಬೆರಳು ತೋರಿಸಬೇಕಾಗಿಯೂ ಇಲ್ಲ. ಆದರೆ ದರ್ಶನಕ್ಕೆ ಹೊರಟವರಿಗೂ ರಸ್ತೆ ಬೇರೆ ನಿಯಮ ಇಟ್ಟಿಲ್ಲ ಎಂಬುದನ್ನು ಇವು ನೆನಪಿಸುತ್ತವೆ. ಬೆಳಗಿನ ಜಾವದಲ್ಲಿ ದೇಹ ನಿದ್ದೆಯನ್ನು ಕೇಳಿಯೇ ಕೇಳುತ್ತದೆ. ಭಕ್ತನ ಗಾಡಿ ಇರಲಿ, ಬೇರೆಯವರ ಗಾಡಿ ಇರಲಿ, ಆ ಹೊತ್ತಿಗೆ ರೆಪ್ಪೆಗಳು ಒಂದೇ ರೀತಿ ಭಾರವಾಗುತ್ತವೆ.

ಈ ವಿಷಯವನ್ನು ಕಾನೂನು ಬಹಳ ಹಿಂದೆಯೇ ಅರಿತಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನಿಗೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ಮಿತಿ ಹಾಕಿತ್ತು. ಐದು ತಾಸು ದುಡಿದ ಮೇಲೆ ಅರ್ಧ ತಾಸಾದರೂ ವಿಶ್ರಾಂತಿ ಕೊಡಬೇಕೆಂದು ಹೇಳಿತ್ತು. ದೂರದ ಮಾರ್ಗ, ಹಬ್ಬ ಹರಿದಿನಗಳಿಗೆಂದು ಅನುಮತಿ ಪಡೆದು ಸ್ವಲ್ಪ ಸಡಿಲಿಸಬಹುದಿತ್ತು, ಆದರೆ ಆಗಲೂ ದಿನಕ್ಕೆ 10 ತಾಸು ಮೀರುವಂತಿರಲಿಲ್ಲ. ಅಂದರೆ ಜಾತ್ರೆಯ ದಿನವೂ ಮನುಷ್ಯನ ಶಕ್ತಿಗೆ ಒಂದು ಗಡಿ ಇದೆ ಎಂದು ಕಾನೂನು ಬರೆದವರು ಒಪ್ಪಿಕೊಂಡಿದ್ದರು. ಕಾನೂನು ಕಾಣುವ ಆ ಗಡಿ ಭಕ್ತಿಗೆ ಕಾಣದಿದ್ದರೆ ಹೇಗೆ?

"ಏನಪಾ, ನಿದ್ದಿ ಬರ್ಲಾಕತ್ತದೇನು?" ಎಂದು ಡ್ರೈವರನಿಗೆ ಕೇಳಿದರೆ ಅವನು "ಇಲ್ರಿ, ರೂಢಿ ಅದ, ಹೊಡಿತೀನ್ರಿ" ಎಂದೇ ಹೇಳುತ್ತಾನೆ. ಬೇರೆ ಮಾತು ಹೇಳಿದರೆ ಮುಂದಿನ ಬಾಡಿಗೆ ತಪ್ಪೀತು ಎಂಬ ಅಂಜಿಕೆ ಅವನಿಗೆ. ಇಲ್ಲವೆಂದು ಹೇಳಲು ಆಗದವನಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಆದ್ದರಿಂದ ಅವನಿಗೆ ಕೇಳುವುದರಿಂದ ಯಾತ್ರಿಕರ ಹೊಣೆ ಮುಗಿಯುವುದಿಲ್ಲ. ಪಟ್ಟಿ ಬರೆಯುವಾಗಲೇ ಅವನ ನಿದ್ದೆಯನ್ನು ಮೊದಲು ಬರೆದು, ಉಳಿದ ಹೊತ್ತಿನಲ್ಲಿ ಬೆಟ್ಟಗಳನ್ನು ಹೊಂದಿಸಬೇಕು.

ಹರಕೆ ಯಾರದು, ಕಾಲು ಯಾರದು?

ಗಾಡಿಯೊಳಗೆ ಕೂತವರ ನಡುವೆಯೂ ಇದೇ ಪ್ರಶ್ನೆ ಬರುತ್ತದೆ. ಮನೆಯ ಹಿರಿ ಮಗ ಮೂರು ಬೆಟ್ಟ ಹತ್ತುತ್ತೇನೆಂದು ಹರಕೆ ಹೊತ್ತಿರಬಹುದು. ಆ ಹರಕೆ ಅವನ ಕಾಲಿಗೆ ಸಂಬಂಧಪಟ್ಟದ್ದು. ತಾಯಿಯ ಮೊಣಕಾಲನ್ನು, ಕಾಕಾನ ಎದೆಯನ್ನು ಅವನು ಹರಕೆಗೆ ಬರೆದುಕೊಡಲು ಬರುವುದಿಲ್ಲ. ಒಬ್ಬರು ಹೊತ್ತ ಹರಕೆಯನ್ನು ಇನ್ನೊಬ್ಬರು ಹೊರುವಂತಾದರೆ ಅದು ಸಾಲ ಒಬ್ಬರದು, ತೀರಿಸುವವರು ಇನ್ನೊಬ್ಬರು ಎಂಬಂತಾಗುತ್ತದೆ.

ಬೆಟ್ಟದ ತಳದಲ್ಲಿ ಆಯಿ, "ನನಗ ಆಗಂಗಿಲ್ಲಪಾ, ನೀವು ಹೋಗಿ ಬರ್ರಿ" ಎನ್ನುತ್ತಾಳೆ. ಆಗ ಎರಡು ತಪ್ಪುಗಳು ನಡೆಯುತ್ತವೆ. ಒಂದು, "ಇಷ್ಟು ದೂರ ಬಂದು ಹತ್ತಲ್ದೇ ಹೋದ್ರ ಹ್ಯಾಂಗ ಆಯಿ" ಎಂದು ಕೈ ಹಿಡಿದು ಎಳೆಯುವುದು. ಇನ್ನೊಂದು, "ಆತು, ಇಲ್ಲೇ ಕೂಡು" ಎಂದು ಚಪ್ಪಲಿ, ಚೀಲ ಅವಳ ಮುಂದೆ ಗುಡ್ಡೆ ಹಾಕಿ ಹೋಗಿಬಿಡುವುದು. ಎಳೆದೊಯ್ಯುವುದೂ ತಪ್ಪು, ಕಾವಲಿಗೆ ಕೂಡಿಸುವುದೂ ತಪ್ಪು. ಒಬ್ಬರಾದರೂ ಅವಳ ಜೊತೆ ಕೂಡಬೇಕು. ಮೊದಲ ಬೆಟ್ಟದಲ್ಲಿ ಒಬ್ಬ ಮೊಮ್ಮಗ ಕೂತರೆ ಎರಡನೆಯದರಲ್ಲಿ ಇನ್ನೊಬ್ಬ ಕೂಡಬಹುದು. ಹಾಗೆ ಪಾಳಿ ಹಾಕಿದರೆ ಹತ್ತದೇ ಉಳಿಯುವುದು ಸೋಲಲ್ಲ, ಅದೂ ಒಂದು ಸೇವೆ ಎಂದು ಮಕ್ಕಳಿಗೆ ತಿಳಿಯುತ್ತದೆ.

ಹತ್ತುವಾಗ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಬೇಕು. ಗಟ್ಟಿ ಕಾಲಿನ ಹುಡುಗರು ಮುಂದೆ ಓಡಿ, ಮೇಲೆ ನಿಂತು, ಹಿಂದಿನವರು ಬಂದ ಕೂಡಲೇ "ಬಂದ್ರೇನು? ನಡೀರಿ" ಎಂದು ಮತ್ತೆ ಹೊರಡುತ್ತಾರೆ. ವಿಶ್ರಾಂತಿ ಬೇಕಿಲ್ಲದವರಿಗೆ ವಿಶ್ರಾಂತಿ ಸಿಗುತ್ತದೆ, ಬೇಕಾದವರಿಗೆ ಸಿಗುವುದಿಲ್ಲ. ನಿಧಾನದವರು ಮುಂದಿದ್ದರೆ ಈ ಅನ್ಯಾಯ ತಾನಾಗಿಯೇ ನಿಲ್ಲುತ್ತದೆ. ಇಳಿಯುವಾಗ ಮೊಣಕಾಲಿನ ಮೇಲೆ ಭಾರ ಹೆಚ್ಚು ಬೀಳುತ್ತದೆ. ಆದ್ದರಿಂದ ತುದಿ ಮುಟ್ಟುವ ಹೊತ್ತಿಗೆ ಇಳಿಯುವಷ್ಟು ಶಕ್ತಿ ಉಳಿದಿರಬೇಕು.

ಶ್ರವಣಬೆಳಗೊಳದಂಥ ಕಡೆ ಹತ್ತಲಾಗದವರಿಗೆ ಡೋಲಿ ಇದೆ. ಡೋಲಿಯಲ್ಲಿ ಕೂರುವುದು ತಪ್ಪೇ ಎಂದು ಕೆಲವರು ಹಿಂಜರಿಯುತ್ತಾರೆ. ಹೊರುವವರಿಗೆ ಅದು ದುಡಿಮೆ, ಕೂರುವವರಿಗೆ ಅದು ಆಸರೆ. ತಪ್ಪು ಇರುವುದು ಚೌಕಾಶಿ ಮಾಡಿ ಕೂಲಿ ಕಡಿಮೆ ಮಾಡುವುದರಲ್ಲಿ, ನಡುವೆ ಅವರು ಡೋಲಿ ಇಳಿಸಿದರೆ "ಬೇಗ ನಡೀರಿ" ಎಂದು ಅವಸರ ಮಾಡುವುದರಲ್ಲಿ. ಹೆಗಲು ಕೊಟ್ಟವರಿಗೂ ಉಸಿರಿದೆ.

ಧರ್ಮರಾಯನ ಬೆಟ್ಟ

ಮಹಾಭಾರತದ ಕೊನೆಯಲ್ಲಿ ಪಾಂಡವರು ಹಿಮಾಲಯ ಹತ್ತುವ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಮೊದಲು ದ್ರೌಪದಿ ಬೀಳುತ್ತಾಳೆ. ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರೇ ಬೀಳುತ್ತಾರೆ. ಧರ್ಮರಾಯ ಯಾರಿಗಾಗಿಯೂ ನಿಲ್ಲದೆ ನಡೆಯುತ್ತಾನೆ. ಕೊನೆಗೆ ಸ್ವರ್ಗದ ರಥ ಬಂದಾಗ, ತನ್ನ ಹಿಂದೆ ನಂಬಿ ಬಂದ ನಾಯಿಯನ್ನು ಬಿಟ್ಟು ಹತ್ತುವುದಿಲ್ಲ ಎಂದು ಹಟ ಹಿಡಿಯುತ್ತಾನೆ.

ಈ ಕಥೆಯಲ್ಲಿ ಎರಡು ಪಾಠಗಳಿವೆ, ಎರಡೂ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಬಿದ್ದವರಿಗಾಗಿ ನಿಲ್ಲದವನು ನಾಯಿಗಾಗಿ ಏಕೆ ನಿಂತ? ಇದಕ್ಕೆ ಪಂಡಿತರು ನಾನಾ ರೀತಿ ಅರ್ಥ ಹೇಳುತ್ತಾರೆ. ಯಾತ್ರಿಕರಿಗೆ ಬೇಕಾದ ಅರ್ಥ ಮಾತ್ರ ಸರಳವಾದದ್ದು. ಪಾಂಡವರು ಹೊರಟದ್ದು ಮಹಾಪ್ರಸ್ಥಾನಕ್ಕೆ. ಅದು ಮರಳಿ ಬರುವ ದಾರಿಯಲ್ಲ. ಆ ದಾರಿಯಲ್ಲಿ ಹಿಂದೆ ನೋಡಲು ಏನೂ ಉಳಿದಿರಲಿಲ್ಲ. ಗಾಡಿ ಮಾಡಿಕೊಂಡು ಹೊರಟ ಯಾತ್ರಿಕರು ಮರಳಿ ಮನೆ ಮುಟ್ಟಬೇಕಾದವರು. ಮನೆಯಲ್ಲಿ ದನಕರು, ಅಂಗಡಿ, ಮಕ್ಕಳ ಶಾಲೆ ಕಾಯುತ್ತಿರುತ್ತವೆ. ಆದರೂ ಬಹಳ ಜನ ಕಥೆಯ ಮೊದಲರ್ಧವನ್ನೇ ಅನುಸರಿಸುತ್ತಾರೆ. ಆಯಿ ಕೂತರೂ ನಡೆಯಬೇಕು, ಕಾಕಾ ಸುಸ್ತಾದರೂ ನಡೆಯಬೇಕು, ಡ್ರೈವರ್ ತೂಕಡಿಸಿದರೂ ನಡೆಯಬೇಕು. ಅನುಸರಿಸಬೇಕಾದದ್ದು ಕೊನೆಯ ಭಾಗವನ್ನು. ನಂಬಿ ಜೊತೆಗೆ ಬಂದ ಜೀವವನ್ನು ಬಿಟ್ಟು ಸಿಗುವ ಸ್ವರ್ಗವೂ ಬೇಡ ಎಂದವನ ಮಾತನ್ನು.

ಹಿಂತಿರುಗುವ ಗಂಟೆ

ಜಗತ್ತಿನ ಅತಿ ಎತ್ತರದ ಶಿಖರ ಹತ್ತುವವರಲ್ಲೂ ಒಂದು ಪದ್ಧತಿ ಇದೆ. ಇಷ್ಟು ಗಂಟೆಯೊಳಗೆ ತುದಿ ಮುಟ್ಟದಿದ್ದರೆ, ತುದಿ ಕಣ್ಣೆದುರೇ ಇದ್ದರೂ ಹಿಂತಿರುಗಬೇಕು ಎಂದು ಕೆಳಗಿರುವಾಗಲೇ ಗೊತ್ತು ಮಾಡಿಕೊಳ್ಳುತ್ತಾರೆ. 1996ರ ಮೇ 10ರಂದು ಎವರೆಸ್ಟ್ ಶಿಖರದಲ್ಲಿ ಹಲವರು ಮಧ್ಯಾಹ್ನ ಎರಡು ಗಂಟೆ ಕಳೆದ ಮೇಲೂ ಮೇಲಕ್ಕೆ ಹತ್ತುತ್ತಲೇ ಇದ್ದರು. ಸಂಜೆ ಹಿಮದ ಬಿರುಗಾಳಿ ಎದ್ದಿತು. ಆ ಬಿರುಗಾಳಿಯಲ್ಲಿ ಎಂಟು ಜನ ಸತ್ತರು. ಸತ್ತವರಲ್ಲಿ ಎಷ್ಟೋ ಬಾರಿ ಬೆಟ್ಟ ಹತ್ತಿದ ಅನುಭವಿ ಮಾರ್ಗದರ್ಶಕರೂ ಇದ್ದರು. ಅವರಿಗೆ ನಿಯಮ ಗೊತ್ತಿರಲಿಲ್ಲವೆಂದಲ್ಲ. ತುದಿ ಹತ್ತಿರ ಕಂಡಾಗ ನಿಯಮ ನೆನಪಾಗುವುದು ಯಾರಿಗಾದರೂ ಕಷ್ಟ.

575 ಮೆಟ್ಟಿಲಿನ ಬೆಟ್ಟಕ್ಕೂ ಎವರೆಸ್ಟಿಗೂ ಏನು ಹೋಲಿಕೆ ಎಂದು ಕೇಳಬಹುದು. ಎತ್ತರದಲ್ಲಿ ಹೋಲಿಕೆ ಇಲ್ಲ, ಮನಸ್ಸಿನಲ್ಲಿ ಇದೆ. "ಇನ್ನು ನೂರೇ ಮೆಟ್ಟಿಲು", "ಇನ್ನೊಂದೇ ಬೆಟ್ಟ", "ಇನ್ನೊಂದು ತಾಸಿನ ದಾರಿ" ಎಂಬ ಮಾತುಗಳಲ್ಲಿರುವುದು ಅದೇ ಆಸೆ. ಆದ್ದರಿಂದ ನಿರ್ಧಾರವನ್ನು ಬೆಟ್ಟದ ತಳದಲ್ಲಿ, ಹೊಟ್ಟೆ ತುಂಬಿ ಮನಸ್ಸು ತಣ್ಣಗಿರುವಾಗಲೇ ಮಾಡಬೇಕು. ಬಿಸಿಲೇರುವ ಮೊದಲು ಇಳಿದಿರಬೇಕು, ಎದೆ ಹಿಡಿದಂತಾದರೆ ಆ ಮೆಟ್ಟಿಲಿನಿಂದಲೇ ಇಳಿಯಬೇಕು, ರಾತ್ರಿ ಹತ್ತರ ಮೇಲೆ ಗಾಡಿ ಓಡಬಾರದು ಎಂದು ಎಲ್ಲರೆದುರು ಮಾತಾಡಿಕೊಳ್ಳಬೇಕು. ಬರಿಗಾಲಿನಲ್ಲಿ ಹತ್ತಬೇಕಾದ ಬಂಡೆ ಬಿಸಿಲಿಗೆ ಕಾದ ಹಂಚಿನಂತಾಗುತ್ತದೆ ಎಂಬುದನ್ನು ಬೇಸಿಗೆ ಯಾತ್ರಿಕರು ಮರೆಯಬಾರದು.

ಮುನ್ನೂರನೇ ಮೆಟ್ಟಿಲಿನಿಂದ ತಿರುಗಿದವನ ಯಾತ್ರೆ ಅಪೂರ್ಣವೇ? ಕೈಲಾಸ ಪರ್ವತದ ತುದಿಗೆ ಯಾತ್ರಿಕರು ಹತ್ತುವುದಿಲ್ಲ. ಸುತ್ತು ಬಂದು, ಕೆಳಗಿನಿಂದಲೇ ಕೈ ಮುಗಿದು ಮರಳುತ್ತಾರೆ. ಅವರ ಯಾತ್ರೆಯನ್ನು ಯಾರೂ ಅಪೂರ್ಣ ಎನ್ನುವುದಿಲ್ಲ. ತುದಿ ಮುಟ್ಟುವುದೇ ದರ್ಶನ ಎಂಬುದು ಕಾಲಿನ ಲೆಕ್ಕ, ಮನಸ್ಸಿನ ಲೆಕ್ಕವಲ್ಲ.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ವಿಂಧ್ಯಗಿರಿಯ ಮೆಟ್ಟಿಲುಗಳನ್ನು ದಡಬಡನೆ ಏರಿ ಯಾತ್ರಿಕರು ನೋಡುವುದು ಯಾರನ್ನು? ಬಳ್ಳಿ ಹಬ್ಬಿದರೂ ಅಲುಗದೆ ನಿಂತ ಬಾಹುಬಲಿಯನ್ನು. ಸಾವಿರ ವರ್ಷಕ್ಕೂ ಹಿಂದೆ ಕಡೆದ ಆ 58 ಅಡಿ ಮೂರ್ತಿಯ ಮುಂದೆ ನಿಂತು, "ನಡೀರಿ, ಹೊತ್ತಾಯ್ತು, ಇನ್ನೊಂದು ಬೆಟ್ಟ ಅದ" ಎನ್ನುವವರಿಗೆ ಕಂಡದ್ದು ಕಲ್ಲು ಮಾತ್ರ. ಚಾಮುಂಡಿ ಬೆಟ್ಟದಲ್ಲೂ ಅಷ್ಟೇ. ಮೆಟ್ಟಿಲು ಹತ್ತುವವರಿಗೆ ಅರ್ಧ ದಾರಿ ಕಳೆದ ಮೇಲೆ ದೊಡ್ಡ ನಂದಿ ಸಿಗುತ್ತಾನೆ. ದಣಿದವರು ಅವನ ಮುಂದೆ ಕೂತು ಉಸಿರು ತೆಗೆದುಕೊಂಡೇ ಮುಂದೆ ಹೋಗುತ್ತಾರೆ. ಹಳೆಯ ಬೆಟ್ಟದ ದಾರಿಗಳಲ್ಲೆಲ್ಲ ಮಂಟಪ, ಕಟ್ಟೆ, ಅರವಟ್ಟಿಗೆಗಳಿವೆ. ಮೆಟ್ಟಿಲು ಕಟ್ಟಿಸಿದವರು ನಿಲ್ಲುವ ಜಾಗವನ್ನೂ ಕಟ್ಟಿಸಿದ್ದರು. ನಿಲ್ಲುವುದು ಹತ್ತುವುದರ ಒಂದು ಭಾಗವೆಂದು ಅವರಿಗೆ ತಿಳಿದಿತ್ತು.

ಅದೇ ದಾರಿ, ಬೇರೆ ಲೆಕ್ಕ

"ಇಷ್ಟೆಲ್ಲಾ ಖರೇರಿ, ಆದ್ರ ಮತ್ತ ಯಾವಾಗ ಬರ್ತೀವೋ ಏನೋ" ಎಂದು ಆಯಿಯೇ ಹೇಳಬಹುದು. ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಹತ್ತು ವರ್ಷಕ್ಕೊಮ್ಮೆ ಮನೆ ಬಿಟ್ಟು ಹೊರಡುವವರಿದ್ದಾರೆ. ಗಾಡಿ ಬಾಡಿಗೆ, ಡ್ರೈವರ್ ಭತ್ಯೆ, ವಸತಿ, ರಜೆ ಎಲ್ಲಕ್ಕೂ ದುಡ್ಡು ಬೇಕು. ಒಂದು ದಿನ ಹೆಚ್ಚಾದರೆ ಒಂದು ತಿಂಗಳ ಉಳಿತಾಯ ಹೋಗುತ್ತದೆ. ಬಡವರ ಅವಸರಕ್ಕೆ ಕಾರಣವಿದೆ.

ಆದರೂ ಲೆಕ್ಕ ಹೀಗಿದೆ. ಅದೇ ಮೂರು ಬೆಟ್ಟ, ಅದೇ 28 ಗಂಟೆ ಪ್ರಯಾಣವನ್ನು ಐದು ದಿನಕ್ಕೆ ಹಂಚಬಹುದು. ಮೊದಲ ದಿನ ಬೆಳಿಗ್ಗೆ ಕಲಬುರಗಿ ಬಿಟ್ಟು 5 ಗಂಟೆ ಪ್ರಯಾಣ, ಆನೆಗೊಂದಿ ಕಡೆ ವಸತಿ. ಎರಡನೇ ದಿನ ನಸುಕಿನಲ್ಲಿ ಅಂಜನಾದ್ರಿ, ನಾಷ್ಟಾ ಮಾಡಿ 7 ಗಂಟೆ ಪ್ರಯಾಣ, ಶ್ರವಣಬೆಳಗೊಳದಲ್ಲಿ ವಸತಿ. ಮೂರನೇ ದಿನ ಬೆಳಿಗ್ಗೆ ವಿಂಧ್ಯಗಿರಿ, 2 ಗಂಟೆ ಪ್ರಯಾಣ, ಮೈಸೂರಿನಲ್ಲಿ ವಸತಿ. ನಾಲ್ಕನೇ ದಿನ ಬೆಳಿಗ್ಗೆ ಚಾಮುಂಡಿ ಬೆಟ್ಟ. ಮೆಟ್ಟಿಲು ಆಗದವರು ಗಾಡಿಯಲ್ಲೇ ಮೇಲೆ ಹೋಗಬಹುದು. ಅನಂತರ 7 ಗಂಟೆ ಪ್ರಯಾಣ, ಅರ್ಧ ದಾರಿಯಲ್ಲಿ ವಸತಿ. ಐದನೇ ದಿನ ಉಳಿದ 7 ಗಂಟೆ ಮುಗಿಸಿ ಹೊತ್ತು ಮುಳುಗುವ ಮೊದಲು ಮನೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಬೆಟ್ಟ ಬರಲಿಲ್ಲ. ಯಾವ ದಿನವೂ ಡ್ರೈವರನ ಕೆಲಸ ಎಂಟು ತಾಸು ದಾಟಲಿಲ್ಲ. ಎಲ್ಲ ರಾತ್ರಿಯೂ ಎಲ್ಲರೂ, ಅವನೂ ಸೇರಿ, ಹಾಸಿಗೆಯಲ್ಲೇ ಮಲಗಿದರು.

ಐದು ದಿನ ಇಲ್ಲದವರು, ಶನಿವಾರ ಭಾನುವಾರ ಮಾತ್ರ ಇರುವವರು ಏನು ಮಾಡಬೇಕು? ಒಂದೇ ಬೆಟ್ಟ ಹತ್ತಬೇಕು. ಶನಿವಾರ ಬೆಳಿಗ್ಗೆ ಹೊರಟು ಆನೆಗೊಂದಿ ಸೇರಿ, ಭಾನುವಾರ ನಸುಕಿನಲ್ಲಿ ಅಂಜನಾದ್ರಿ ಹತ್ತಿ, ಸಂಜೆಯೊಳಗೆ ಮನೆ ಮುಟ್ಟಬಹುದು. ಉಳಿದ ಎರಡು ಬೆಟ್ಟಗಳು ಎಲ್ಲಿಯೂ ಹೋಗುವುದಿಲ್ಲ. ಸಾವಿರಾರು ವರ್ಷ ನಿಂತವು ಇನ್ನೊಂದು ವರ್ಷ ನಿಲ್ಲುತ್ತವೆ. ಆ ಒಂದು ಬೆಟ್ಟ ಯಾವುದೆಂದು ಆರಿಸುವ ಹಕ್ಕು ಮನೆಯ ಹಿರಿಯರಿಗೆ ಇರಲಿ, ಏಕೆಂದರೆ "ಮತ್ತೆ ಬರ್ತೀವೋ ಇಲ್ಲೋ" ಎಂಬ ಮಾತು ನಿಜವಾಗಿ ಅನ್ವಯಿಸುವುದು ಅವರಿಗೇ. ಹುಡುಗರಿಗೆ ಹತ್ತಲು ಇನ್ನೂ ಬಹಳ ವರ್ಷಗಳಿವೆ.

ಅವಸರದಲ್ಲಿ ಮೂರು ಬೆಟ್ಟ ನೋಡಿ ಬಂದವರು ಮನೆಯಲ್ಲಿ ಹೇಳುವ ಕಥೆ ಸಾಮಾನ್ಯವಾಗಿ ದಾರಿಯದು: ಎಷ್ಟು ಗಂಟೆಗೆ ಎಲ್ಲಿ ಮುಟ್ಟಿದೆವು, ಎಲ್ಲಿ ಟ್ರಾಫಿಕ್ ಸಿಕ್ಕಿತು, ಕ್ಯೂ ಎಷ್ಟು ಉದ್ದ ಇತ್ತು. ಒಂದೇ ಬೆಟ್ಟವನ್ನು ನಿಧಾನವಾಗಿ ಹತ್ತಿದವರಿಗೆ ಮೆಟ್ಟಿಲ ಮೇಲೆ ಕೂತಾಗ ಬೀಸಿದ ಗಾಳಿ, ಕೆಳಗೆ ಕಂಡ ತುಂಗಭದ್ರೆ, ಜೊತೆಗಿದ್ದವರು ಆಡಿದ ಮಾತು ನೆನಪಿರುತ್ತವೆ. ಮಾಮೂಲಿ ಬಾಳೆಗಿಂತ ಕಮಲಾಪುರದ ಕೆಂಪು ಬಾಳೆ ಗೊನೆ ಬಿಡಲು ಹೆಚ್ಚು ತಿಂಗಳು ತೆಗೆದುಕೊಳ್ಳುತ್ತದೆ. ರೈತ ಅದಕ್ಕೆ ಅವಸರ ಮಾಡಿ ಪ್ರಯೋಜನವಿಲ್ಲ. ದರ್ಶನವೂ ಹಾಗೆಯೇ ತನ್ನ ಹೊತ್ತನ್ನು ತಾನು ಕೇಳುತ್ತದೆ.

ಪಟ್ಟಿ ಬರೆಯುವವರಿಗೆ

ಯಾತ್ರೆಯ ಪಟ್ಟಿ ಬರೆಯುವವರು ಪೆನ್ನು ಹಿಡಿಯುವ ಮೊದಲು ಬೆಟ್ಟಗಳ ಹೆಸರು ಬರೆಯಬಾರದು. ಮೊದಲು ಜನರ ಹೆಸರು ಬರೆಯಬೇಕು. ಡ್ರೈವರನ ಹೆಸರು ಎಲ್ಲಕ್ಕಿಂತ ಮೇಲಿರಲಿ. ಪ್ರತಿ ಹೆಸರಿನ ಮುಂದೆ ಅವರು ಎಷ್ಟು ಹತ್ತಬಲ್ಲರು, ಎಷ್ಟು ತಾಸು ಮಲಗಬೇಕು, ಯಾವ ಗುಳಿಗೆ ಯಾವಾಗ ತಗೋಬೇಕು ಎಂದು ಬರೆಯಲಿ. ಆ ಮೇಲೆ ಉಳಿದ ಜಾಗದಲ್ಲಿ ಎಷ್ಟು ಬೆಟ್ಟ ಹಿಡಿಸುತ್ತವೋ ಅಷ್ಟನ್ನು ಬರೆಯಲಿ. ಒಂದೇ ಹಿಡಿಸಿದರೆ ಒಂದೇ. ಒಂದೂ ಹಿಡಿಸದಿದ್ದರೆ ತಳದಲ್ಲಿ ನಿಂತು ಕೈ ಮುಗಿದು ಬಂದರೂ ಯಾತ್ರೆ ಯಾತ್ರೆಯೇ.

ಬೆಟ್ಟದ ಮೇಲಿರುವವನು ಎಷ್ಟು ಬೆಟ್ಟ ಹತ್ತಿದಿರಿ ಎಂದು ಯಾರನ್ನೂ ಕೇಳುವುದಿಲ್ಲ. ಮನೆಯ ಬಾಗಿಲಲ್ಲಿ ಕಾಯುವವರು ಕೇಳುವುದು ಒಂದೇ ಮಾತು: "ಎಲ್ಲಾರೂ ಬಂದ್ರೇನು?" ಆ ಪ್ರಶ್ನೆಗೆ "ಹೌದು, ಎಲ್ಲಾರೂ ಬಂದೀವಿ" ಎಂದು ಹೇಳುವಂತಿರಬೇಕು. ಯಾತ್ರಿಕರೆಲ್ಲರ ಯಾತ್ರೆ ಸುಖಕರವಾಗಲಿ, ಗಾಡಿ ಓಡಿಸುವವನ ಕಣ್ಣಿಗೂ ನಿದ್ದೆ ಸಿಗಲಿ.